ಕೊಡದ ಮೇಲಿನ ಕರಡಿ

ದಿನಕರ್ಮ ಮುಗಿದು ನೆಂಟರೆಲ್ಲ ಊರಿಗೆ ಹೋದ ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಒಂದು ಲೀಟರ್ ಹಾಕಿ ಹೋದ. ಇನ್ನು ಅರ್ಧ ಸಾಕೆಂದು ಹೇಳಬೇಕಿತ್ತು. ಹೇಳಲಿಲ್ಲ. ಮಗಳು ದಾನೇಶ್ವರಿಗೆ ಎರಡು ಜಡೆ ಹಾಕಿ, ಡಬ್ಬಿಗೆ ಅವಲಕ್ಕಿ ತುಂಬಿ ಕೊಟ್ಟೆ. ಬಾಗಿಲಲ್ಲಿ ನಿಂತು ಅವಳು ಕೇಳಿದ್ದು ಒಂದೇ: ಶನಿವಾರಕ್ಕೆ ಕರಡಿ ಆಗುತ್ತದೆಯೋ ಇಲ್ಲವೋ.

ಆಗುತ್ತದೆ ಎಂದೆ. ಆಮೇಲೆ ಹಿಂದಿನ ಕೋಣೆಗೆ ಹೋಗಿ ನೋಡಿದೆ.

ಬೋರಲು ಹಾಕಿದ ತಾಮ್ರದ ಕೊಡ, ಅದರ ಮೇಲೆ ಒಣಗಿ ಕಲ್ಲಾದ ಕಾಗದದ ಚಿಪ್ಪು. ಸದ್ಯಕ್ಕೆ ಕರಡಿ ಎಂದರೆ ಅಷ್ಟೇ.

ದಾನುವಿನ ಶಾಲೆಯಲ್ಲಿ ವಸ್ತುಪ್ರದರ್ಶನ. ಮನೆಯವರೆಲ್ಲ ಸೇರಿ, ಮನೆಯ ರದ್ದಿಯಿಂದಲೇ, ನಮ್ಮ ಕಡೆಯ ಒಂದು ಪ್ರಾಣಿಯನ್ನೋ ಗಿಡವನ್ನೋ ಮಾಡಿ ತರಬೇಕೆಂದು ಹೇಳಿದ್ದರು. ನನ್ನ ಗಂಡ ಕಳಕೇಶ ಭೂಮಾಪಕ. ಇರಕಲ್ಲಗಡದ ಕಡೆ ಹೊಲ ಅಳೆಯಲು ಹೋದಾಗ ಗುಡ್ಡದ ಬುಡದಲ್ಲಿ ಒಂದು ಹೆಣ್ಣು ಕರಡಿಯನ್ನು ನೋಡಿದ್ದ. ಅದರ ಬೆನ್ನ ಮೇಲೆ ಮರಿ ಕೂತಿತ್ತಂತೆ. ಅದನ್ನೇ ಮಾಡೋಣ ಎಂದು ಹಟ ಹಿಡಿದವನು ಅವನೇ.

ವಿಧಾನ ಅತ್ತೆಯದು. ಅವರ ತವರು ಅಳವಂಡಿಯಲ್ಲಿ ಕಾಳು ತುಂಬುವ ಬುಟ್ಟಿಗಳನ್ನು ರದ್ದಿ ಕಾಗದದಿಂದಲೇ ಮಾಡುತ್ತಿದ್ದರು. ಕಾಗದವನ್ನು ಒಂದು ರಾತ್ರಿ ನೆನೆಸಿ, ಮೆಂತ್ಯ ಸೇರಿಸಿ ನುಣ್ಣಗೆ ರುಬ್ಬಿ, ಬೋರಲು ಹಾಕಿದ ಕೊಡದ ಮೇಲೆ ಮೆತ್ತಿ, ನೆರಳಲ್ಲಿ ಒಣಗಿಸಿ ಬಿಡಿಸಿಕೊಳ್ಳುವುದು. ಹಳೆಯ ಪತ್ರಿಕೆ, ಲಗ್ನಪತ್ರಿಕೆ, ದಾನುವಿನ ಕಳೆದ ವರ್ಷದ ನೋಟ್‌ಬುಕ್ಕು ಎಲ್ಲ ನೆನೆಗೆ ಬಿದ್ದವು. ನನ್ನ ಎಂ.ಎ. ನೋಟ್ಸುಗಳೂ ಬಿದ್ದವು. ನಾನೇ ಹಾಕಿದೆ.

ನಮ್ಮ ಮನೆಯ ಕೊಡಗಳೆಲ್ಲ ಪ್ಲಾಸ್ಟಿಕ್ಕಿನವು. ಕರಡಿಯ ಬೆನ್ನಿಗೆ ಸರಿಹೋಗುವ ಗುಂಡು ಬೇಕೆಂದು ಕಳಕೇಶ ಪಕ್ಕದ ಮನೆಯ ಮಾರೆವ್ವನ ಹತ್ತಿರ ಹೋಗಿ, ಅವಳು ನೀರು ಹಿಡಿಯುವ ತಾಮ್ರದ ಕೊಡವನ್ನೇ ಎರಡು ದಿನಕ್ಕೆಂದು ಕೇಳಿ ತಂದ. ಭಾನುವಾರ ಮೆತ್ತಿದ. ಮಂಗಳವಾರ ಹೊಲದಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಅವನಿಗೆ ಮೂವತ್ತಾರು.

ಚಿಪ್ಪನ್ನು ಎರಡೂ ಕೈಯಿಂದ ಹಿಡಿದು ಎಳೆದೆ. ಅಲುಗಲಿಲ್ಲ. ತಿರುವಿದೆ. ಕೊಡವೂ ಜೊತೆಗೇ ತಿರುಗಿತು.

ಅತ್ತೆ ಬಂದು ಗೋಡೆಗೆ ಒರಗಿ ಕೂತರು. ಅಂಟದಿರಲೆಂದು ಮೆತ್ತುವ ಮೊದಲು ಕೊಡಕ್ಕೆ ಬೂದಿ ಸವರಿದ್ದೆಯಾ ಎಂದು ಕೇಳಿದರು. ಅದು ನನ್ನ ಪಾಲಿನ ಕೆಲಸವಾಗಿತ್ತು. ಗ್ಯಾಸಿನ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಬೆಳ್ಳಗಿನ ಪುಡಿ ತಾನೇ ಎಂದು ರಂಗೋಲಿ ಪುಡಿ ಉದುರಿಸಿದ್ದೆ. ಅದು ನುಣುಪಾದ ತಾಮ್ರದ ಮೇಲೆ ನಿಲ್ಲದೆ ಜಾರಿ ಹೋಗಿತ್ತು.

ಅತ್ತೆ ನನ್ನನ್ನೇ ನೋಡಿದರು. "ಎಂ.ಎ. ಮಾಡಿದಾಕಿ," ಎಂದರು. ಹದಿನೈದು ದಿನಗಳಲ್ಲಿ ಅವರ ಮುಖದಲ್ಲಿ ಮೊದಲ ಸಲ ಏನೋ ಸಡಿಲಾಯಿತು. "ಬಾಜು ಮನ್ಯಾಗ ಒಲಿ ಹಚ್ಚತಾರ. ಒಂದ್ ಹಿಡಿ ಬೂದಿ ಕೇಳಿದ್ರ ಮಾರೆವ್ವ ಒಲ್ಲೆ ಅಂತಿದ್ಲೇನು?"

ಬೆನ್ನುದ್ದಕ್ಕೂ ಒಂದು ಗೆರೆ ನೆನೆಸಿ ಬಿಚ್ಚಬೇಕು ಎಂದು ಅವರೇ ಹೇಳಿದರು. ನಾನು ಬೇಡ ಎಂದೆ.

ಚಿಪ್ಪಿನ ಮೇಲೆಲ್ಲ ಕಳಕೇಶನ ಬೆರಳಿನ ಗುರುತುಗಳಿದ್ದವು. ಅತ್ತೆಯ ಹಾಗೆ ಅಂಗೈಯಿಂದ ಸವರುವುದು ಅವನಿಗೆ ಬರುತ್ತಿರಲಿಲ್ಲ. ನಾಲ್ಕು ಬೆರಳು ಒತ್ತಿ ಒತ್ತಿ ಮೆತ್ತಿದ್ದ. ಸಾಲು ಸಾಲಾಗಿ ತಗ್ಗುಗಳು. ನನ್ನ ಬೆರಳಿಟ್ಟರೆ ಪಕ್ಕದಲ್ಲಿ ಜಾಗ ಉಳಿಯುತ್ತಿತ್ತು. ಬಿಚ್ಚಿದರೆ ಒಂದು ಸಾಲು ಹೋಗುತ್ತದೆ. ಮೇಲೆ ಕರಡಿಯ ಕೂದಲು ಅಂಟಿಸಿದರೆ ಎಲ್ಲವೂ ಹೋಗುತ್ತವೆ. ಹೀಗೇ ಇರಲಿ, ಮಾರೆವ್ವನಿಗೆ ಹೊಸ ಕೊಡ ತಂದುಕೊಡುತ್ತೇನೆ, ದಾನುವಿಗೆ ನಾನೇ ಹೇಳುತ್ತೇನೆ ಎಂದೆ.

ಅತ್ತೆ ಹತ್ತಿರ ಸರಿದರು. ಚಿಪ್ಪಿನ ಮೇಲೆ ಕೈಯಿಟ್ಟರು. ಅವರ ಬೆರಳುಗಳು ಆ ತಗ್ಗುಗಳಿಗೆ ಹೆಚ್ಚು ಕಡಿಮೆ ಸರಿಹೋದವು.

"ಅಂವಾ ಗುರ್ತ ಬಿಟ್ಟು ಹೋಗಾಕ ಕುಂತಿರ್ಲಿಲ್ಲವ್ವಾ," ಎಂದರು. "ಕರಡಿ ಮಾಡಾಕ ಕುಂತಿದ್ದ."

ಒದ್ದೆ ಬಟ್ಟೆಯ ಪಟ್ಟಿಯನ್ನು ನಾನೇ ತಂದೆ.

ಗೆರೆ ನೆನೆಯಲು ಮಧ್ಯಾಹ್ನದವರೆಗೆ ಹಿಡಿಯಿತು. ಚಾಕು ತಾಗಿದರೆ ತಾಮ್ರಕ್ಕೆ ಗೀರು ಬೀಳುತ್ತದೆಂದು ಅತ್ತೆ ಚಮಚದ ಹಿಡಿಕೆಯಿಂದ ಬಿಡಿಸಿದರು. ಚಿಪ್ಪು ಹುಣಸೆಹಣ್ಣಿನ ಸಿಪ್ಪೆಯ ಹಾಗೆ ಎರಡು ಹೋಳಾಗಿ ಕೈಗೆ ಬಂತು. ಒಳಗೆ ಕೊಡದ ನುಣುಪು. ಅಲ್ಲಲ್ಲಿ ನನ್ನ ನೋಟ್ಸಿನ ನೀಲಿ ಶಾಯಿ.

ಮರಿಯ ಅಚ್ಚಿಗೆ ಮನೆಯ ತಂಬಿಗೆಯೇ ಸಾಕಾಯಿತು. ಶಾಲೆಯಿಂದ ಬಂದ ದಾನು ಮಾರೆವ್ವನ ಮನೆಗೆ ಓಡಿ ಬೂದಿ ತಂದಳು. ಮಾರೆವ್ವ ಡಬ್ಬಿ ತುಂಬ ಕೊಟ್ಟಿದ್ದಳು, ಕೊಡದ ಮಾತೆತ್ತಿರಲಿಲ್ಲ.

ಹೋಳುಗಳನ್ನು ಹೊಸ ಹಿಟ್ಟಿನಿಂದ ಕೂಡಿಸಿದೆವು. ಕಾಲಿಗೆ ನೀರಿನ ಬಾಟಲಿ, ಮೂತಿಗೆ ಟೂತ್‌ಪೇಸ್ಟಿನ ಡಬ್ಬಿ, ಉಗುರಿಗೆ ಹಳೆಯ ಹಣಿಗೆಯ ಹಲ್ಲು. ಕೂದಲಿಗೆ ಅತ್ತೆಯ ಭಜನೆಯ ಕ್ಯಾಸೆಟ್ಟುಗಳು. ಟೇಪು ಎಳೆದು ಗೇಣುದ್ದ ಕತ್ತರಿಸಿದರೆ ಕರಡಿಯ ಕೂದಲಿನ ಹಾಗೇ ಕಪ್ಪಗೆ ಮಿಂಚಿ ಜೋತು ಬೀಳುತ್ತದೆ. ಇದೂ ಕಳಕೇಶನೇ ಹೇಳಿದ್ದು. ಹದಿನಾಲ್ಕು ಕ್ಯಾಸೆಟ್ಟು ಬೇಕಾದವು. ಅತ್ತೆ ಪ್ರತಿಯೊಂದರ ಹೆಸರು ಹೇಳಿ ಹೇಳಿ ಕೊಟ್ಟರು.

ಕೂದಲು ಅಂಟಿಸಿದವಳು ನಾನು. ಕೆಳಗಿನಿಂದ ಮೇಲಕ್ಕೆ, ಒಂದೊಂದು ಸಾಲು. ಅವನ ಬೆರಳಿನ ತಗ್ಗುಗಳಲ್ಲಿ ಅಂಟು ಚೆನ್ನಾಗಿ ಹಿಡಿಯಿತು. ಕೊನೆಯ ಸಾಲನ್ನೂ ನಾನೇ ಅಂಟಿಸಿದೆ.

ಶನಿವಾರ ಶಾಲೆಯ ವರಾಂಡದಲ್ಲಿ ಬಾಟಲಿಯ ನವಿಲುಗಳು, ತಟ್ಟೆಯ ಆಮೆಗಳು, ಗುಂಡು ಮುಖದ ನಗುವ ಎರಡು ಕರಡಿಗಳು ಇದ್ದವು. ನಮ್ಮದು ನಗುತ್ತಿರಲಿಲ್ಲ. ಉದ್ದ ಮೂತಿಯನ್ನು ನೆಲಕ್ಕೆ ಹಚ್ಚಿ, ಗೂನು ಬೆನ್ನಿನ ಮೇಲೆ ಮರಿಯನ್ನು ಹೊತ್ತು, ಎಲ್ಲಿಗೋ ಹೊರಟಿತ್ತು.

ಪ್ರದರ್ಶನ ನೋಡಲು ಅರಣ್ಯ ಇಲಾಖೆಯ ಕಾವಲುಗಾರ ಹನಮೇಶ ಎಂಬವರನ್ನು ಕರೆಸಿದ್ದರು. ಅವರು ಒಂದೊಂದನ್ನೇ ನೋಡುತ್ತ ಬಂದವರು ನಮ್ಮ ಕರಡಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಮರಿಯನ್ನು ನೋಡಿದರು. ಅದರ ಉಗುರು ತಾಯಿಯ ಕೂದಲನ್ನು ಹಿಡಿದಿರುವುದನ್ನು ಬಗ್ಗಿ ನೋಡಿದರು.

"ಇದು ಪುಸ್ತಕ ನೋಡಿ ಮಾಡಿದ್ದಲ್ಲ," ಎಂದರು. "ಗುಡ್ಡದಾಗ ನಿಂತು ನೋಡಿದವ್ರು ಮಾಡ್ಯಾರ. ಯಾರದ ಇದು?"

ದಾನು ಬೆರಳು ಮಡಚಿ ಎಣಿಸಿದಳು. "ನಮ್ಮ ಪಪ್ಪಂದು, ಅಜ್ಜೀದು, ಮಮ್ಮೀದು, ನಂದು."

ಪಪ್ಪ ಬಂದಿಲ್ಲವೇ ಎಂದು ಅವರು ಸುತ್ತ ನೋಡಿದರು. ದಾನುವಿಗೆ ಕಲಿಸುವ ಬಾಯಿಯವರು ಏನೋ ಹೇಳಲು ಮುಂದೆ ಬಂದರು. ಅದಕ್ಕೂ ಮೊದಲು ನಾನೇ ಹೇಳಿದೆ.

"ಅವ್ರು ನೋಡಿದ್ದರ್ರಿ. ಈಗಿಲ್ಲ. ಅವ್ರು ಹೇಳಿದಂಗ ನಾವು ಮಾಡೇವಿ."

ನನ್ನ ದನಿ ಇಡೀ ವರಾಂಡಕ್ಕೆ ಕೇಳಿಸಿತು. ಹನಮೇಶ ಎದ್ದು ನಿಂತು ಅತ್ತೆಗೆ ಕೈಮುಗಿದರು. ಅತ್ತೆ ಸೆರಗು ಸರಿಮಾಡಿಕೊಂಡರು. ಅವರು ಅಷ್ಟು ನೆಟ್ಟಗೆ ಕೂತದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ನೋಡಿರಲಿಲ್ಲ. ಬಹುಮಾನ ಯಾವುದೋ ನವಿಲಿಗೆ ಬಂತು. ದಾನು ಅದಕ್ಕೂ ಚಪ್ಪಾಳೆ ತಟ್ಟಿದಳು.

ಭಾನುವಾರ ಬೆಳಿಗ್ಗೆ ಓಣಿಯ ನಳಕ್ಕೆ ಐದು ದಿನದ ಮೇಲೆ ನೀರು ಬಿಟ್ಟರು. ಮಾರೆವ್ವ ಎರಡು ಎಣ್ಣೆಯ ಡಬ್ಬಿಗಳಲ್ಲಿ ಹಿಡಿಯುತ್ತಿದ್ದಳು. ನಾನು ಹುಣಸೆಹಣ್ಣು ಹಾಕಿ ಕೊಡವನ್ನು ತಿಕ್ಕಿದೆ. ಖಾಲಿ ಪಾತ್ರೆ ಹಿಂದಕ್ಕೆ ಕೊಡಬಾರದೆಂದು ಅತ್ತೆ ಅದರೊಳಗೆ ಎರಡು ಬೊಗಸೆ ಜೋಳ ಹಾಕಿದರು.

ಕೊಡವನ್ನು ನಾನೇ ಸೊಂಟದ ಮೇಲಿಟ್ಟುಕೊಂಡು ಅವಳ ಬಾಗಿಲಿಗೆ ಹೋದೆ.

"ನಮ್ಮ ಮನಿಯವ್ರು ಎರಡು ದಿನಕ್ಕಂತ ಇಸಗೊಂಡಿದ್ರು, ಕಾಕಿ. ತಡಾ ಆತು."

ಮಾರೆವ್ವ ನನ್ನ ಮುಖವನ್ನೊಮ್ಮೆ ನೋಡಿದಳು. ಜೋಳವನ್ನು ಮೊರಕ್ಕೆ ಸುರಿದುಕೊಂಡಳು. ಡಬ್ಬಿಯನ್ನು ಸರಿಸಿ, ಕೊಡವನ್ನು ನಳದ ಕೆಳಗಿಟ್ಟಳು.