ಚೀನಾ ರಾಣಿಯ ಸ್ವರ

"ಬಂಗುಡೆ ಮೀನು ತಾ ಅಂದ್ರೆ ಬೂತಾಯಿ ತಂದಿದ್ದೀಯಲ್ಲ, ನಿನ್ನ ಮುಖದಲ್ಲಿ ಇರುದು ಕಣ್ಣಾ, ಅಂಗಿಯ ಬಟನಾ?"

ಹಜಾರದಿಂದ ಆ ಸ್ವರ ಕೇಳಿದ್ದೇ ತಡ, ರಮ್ಲತ್‌ಳ ಕೈಯಲ್ಲಿದ್ದ ಅಕ್ಕಿರೊಟ್ಟಿ ಅರ್ಧ ಕಾವಲಿಗೆ, ಅರ್ಧ ಒಲೆಗೆ ಬಿತ್ತು. ಹದಿನೆಂಟು ವರ್ಷದ ಹಿಂದಿನ ತನ್ನದೇ ಸ್ವರ! ಮಗಳು ಅಮೀರಾಳ ಫೋನಿನಲ್ಲಿ, ಕಿರೀಟ ತೊಟ್ಟ ಚೀನಾದ ರಾಣಿಯೊಬ್ಬಳು ಸಿಂಹಾಸನದ ಮೇಲೆ ಕೂತು, ಮಂಡಿಯೂರಿದ ಸೇನಾಪತಿಯನ್ನು ಅಪ್ಪಟ ಕಡಬದ ಕನ್ನಡದಲ್ಲಿ ಬೈಯುತ್ತಿದ್ದಳು.

"ಉಮ್ಮಾ, ಬಾ ಇಲ್ಲಿ! ಯಾರೋ ಹಳೇ ಡಬ್ಬಿಂಗ್ ಹಾಕಿದ್ದಾರೆ. ನಗಾಡಿ ನಗಾಡಿ ಹೊಟ್ಟೆ ನೋವಾಯ್ತು."

"ನನಗೆ ಕೆಲಸ ಉಂಟು. ಅದನ್ನು ಬಂದ್ ಮಾಡು, ಉಪ್ಪ ಮಲಗಿದ್ದಾರೆ."

ಉಪ್ಪ ಮಲಗಿರಲಿಲ್ಲ. ಗಂಡ ಹಸನಬ್ಬ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸಂಜೆಯ ಚಹಾಕ್ಕೆ ಕಾಯುತ್ತ ಕೂತಿದ್ದ. ರಮ್ಲತ್‌ಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದು.

ಹದಿನೆಂಟು ವರ್ಷದ ಹಿಂದೆ ಹಸನಬ್ಬ ಸೌದಿಯ ದಮಾಮಿನಲ್ಲಿ ಕೆಲಸಕ್ಕಿದ್ದ. ರಮ್ಲತ್ ಕಡಬದ ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣದೊಂದು ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಪಕ್ಕದ್ದು ಸುಂದರನ ಸ್ಟುಡಿಯೋ. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆಗಳಿಲ್ಲ, ವಿಡಿಯೋ ಕೆಲಸವೂ ಇಲ್ಲ. ಸುಮ್ಮನೆ ಕೂರುವ ಜಾತಿಯವನಲ್ಲ ಸುಂದರ. ಎಲ್ಲಿಂದಲೋ ಒಂದು ಚೀನಾದ ಕತ್ತಿವರಸೆಯ ಸಿನಿಮಾ ತಂದು, ಅದರ ಮಾತನ್ನೆಲ್ಲ ತೆಗೆದು, ನಮ್ಮೂರ ಮಾತು ತುಂಬತೊಡಗಿದ. ರಾಜ, ಸೇನಾಪತಿ, ಕುದುರೆ ಎಲ್ಲವೂ ಅವನೇ. ರಾಣಿಗೆ ಮಾತ್ರ ಅವನ ಸ್ವರ ಹೊಂದಲಿಲ್ಲ. ಎಷ್ಟು ತೆಳು ಮಾಡಿದರೂ ಒಳಗಿನಿಂದ ಮೀಸೆ ಇಣುಕುತ್ತಿತ್ತು.

ಒಂದು ಮಧ್ಯಾಹ್ನ ರಮ್ಲತ್ ಯಾರೋ ಗಿರಾಕಿಗೆ, ಬೆಳಿಗ್ಗೆ ಅತ್ತೆ ಕುಂಞಿಪಾತುಮ್ಮ ಹೇಗೆ ಬೈದರೆಂದು ಅಭಿನಯ ಸಮೇತ ತೋರಿಸುತ್ತಿದ್ದಳು. ಹಲಗೆಯ ಗೋಡೆಯಾಚೆ ನಗು ತಡೆಯಲಾಗದೆ ಸುಂದರ ಓಡಿ ಬಂದ.

"ರಮ್ಲತಕ್ಕ, ಇದನ್ನೇ ಒಮ್ಮೆ ಮೈಕಿನ ಎದುರು ಹೇಳಿ ಮಾರಾಯ್ರೆ!"

"ನನ್ನ ಹೆಸರು ಎಲ್ಲಿಯೂ ಬರ್ಬಾರ್ದು, ಈಗಲೇ ಹೇಳಿದ್ದೇನೆ."

ಎರಡು ಮಧ್ಯಾಹ್ನ. ಅತ್ತೆಯಿಂದ ಹತ್ತು ವರ್ಷ ಕೇಳಿಸಿಕೊಂಡದ್ದನ್ನೆಲ್ಲ ರಮ್ಲತ್ ಆ ರಾಣಿಯ ಬಾಯಿಗೆ ಸುರಿದಳು. ಬೈಗುಳ ಮನೆಮಾತು ಬ್ಯಾರಿಯದ್ದು, ಭಾಷೆ ಕನ್ನಡದ್ದು. ಆದರೆ ಆ ಎಳೆತ, ಮಾತಿನ ಕೊನೆಗೆ ಮೂಗಿನಿಂದ ಬಿಡುವ "ಹ್ಹೂಂ" ಇವಕ್ಕೆ ಅನುವಾದ ಬೇಕಿರಲಿಲ್ಲ. ನಕ್ಕು ನಕ್ಕು ಅವಳಿಗೆ ಕಣ್ಣಲ್ಲಿ ನೀರು. ಮದುವೆಯಾದ ಮೇಲೆ ಅಷ್ಟು ನಕ್ಕದ್ದು ಆ ಎರಡು ದಿನವೇ. ಈಗಲೂ ಒಬ್ಬಳೇ ಇರುವಾಗ ಆ ಸ್ಟುಡಿಯೋದ ಸೆಕೆ, ಸದ್ದಾಗುತ್ತದೆಂದು ನಿಲ್ಲಿಸಿದ್ದ ಫ್ಯಾನು, ಸುಂದರ ತರಿಸಿದ ಸೋಡಾ ಎಲ್ಲ ನೆನಪಾಗಿ ಮನಸ್ಸು ಹಗುರಾಗುವುದುಂಟು.

ಆದರೆ ಸೀಡಿ ಊರಿಡೀ ಹಬ್ಬಿತು. ಪುತ್ತೂರಿನ ಮೊಬೈಲ್ ಅಂಗಡಿ, ಸುಳ್ಯದ ಟೂರಿಸ್ಟ್ ಬಸ್ಸು, ಎಲ್ಲಿ ನೋಡಿದರೂ ರಾಣಿಯೇ. ಆಗ ಹಿಡಿಯಿತು ಹೆದರಿಕೆ. ಹಸನಬ್ಬನಿಗೆ ಉಮ್ಮನೆಂದರೆ ಜೀವ. ಆ ಉಮ್ಮನನ್ನು ಹೆಂಡತಿಯೇ ಮೂರು ತಾಲೂಕಿನ ನಗೆಗೆ ಒಡ್ಡಿದಳೆಂದು ತಿಳಿದರೆ? ಆರು ವರ್ಷ ಕಳೆದು ಕುಂಞಿಪಾತುಮ್ಮ ತೀರಿಹೋದರು. ಕ್ಷಮೆ ಕೇಳಲಿಕ್ಕೂ ಯಾರೂ ಉಳಿಯಲಿಲ್ಲ. ರಮ್ಲತ್ ಅಂದಿನಿಂದ ಒಬ್ಬರನ್ನೂ ಅನುಕರಣೆ ಮಾಡಿದವಳಲ್ಲ.

"ಉಮ್ಮಾ, ಕಮೆಂಟ್ ನೋಡು. ರಾಣಿ ನಮ್ಮವಳು ಅಂತ ಸುಳ್ಯದವ್ರು, ಅಲ್ಲ ನಮ್ಮವಳು ಅಂತ ಪುತ್ತೂರಿನವ್ರು. ಪೂರಾ ಜಗಳ!"

ಕಡಬದ ಹೆಸರನ್ನು ಯಾರೂ ಎತ್ತದಿರಲಿ ಎಂದು ರಮ್ಲತ್ ಮನಸ್ಸಿನಲ್ಲೇ ಬೇಡಿಕೊಂಡಳು.

"ಸೌಂಡ್ ಜಾಸ್ತಿ ಮಾಡು ಮಗಾ," ಎಂದ ಹಸನಬ್ಬ.

ರಮ್ಲತ್ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಫೋನಿನಲ್ಲಿ ಸೇನಾಪತಿ ಯುದ್ಧದಿಂದ ಮೈಯೆಲ್ಲ ರಕ್ತವಾಗಿ ಬಂದು ಸಿಂಹಾಸನದ ಬುಡದಲ್ಲಿ ಬಿದ್ದಿದ್ದ. ರಾಣಿ ಎದ್ದಳು. ಅವಳು ಬಾಯಿ ತೆರೆಯುವ ಮೊದಲೇ ಹಸನಬ್ಬ ಹೇಳಿದ:

"ರಕ್ತ ಆಮೇಲೆ ಒರೆಸುವ. ಮೊದಲು ಕೈಕಾಲು ತೊಳೆದು ಬಾ, ಗಂಜಿ ಆರ್ತದೆ."

ಅವನ ಬೆನ್ನಿಗೇ ರಾಣಿಯೂ ಅದನ್ನೇ ಹೇಳಿದಳು. ಒಂದಕ್ಷರ ಆಚೀಚೆ ಇಲ್ಲ.

"ಉಪ್ಪಾ, ನಿಮಗೆ ಇದು ಬಾಯಿಪಾಠ ಉಂಟಾ?" ಅಮೀರಾ ಬೆರಗಾದಳು.

"ದಮಾಮಿನ ರೂಮಲ್ಲಿ ನಾವು ಹನ್ನೊಂದು ಜನ. ಅಜ್ಜಾವರದವ ಒಬ್ಬ ಊರಿಂದ ಬರುವಾಗ ಸೀಡಿ ತಂದಿದ್ದ." ಹಸನಬ್ಬ ಹೆಂಡತಿಯ ಕಡೆ ತಿರುಗಿದ. "ರಾಣಿ ಬಾಯಿ ತೆರೆದದ್ದೇ ನನಗೆ ಉಮ್ಮನೂ ಗೊತ್ತಾಯ್ತು, ನೀನೂ ಗೊತ್ತಾಯ್ತು."

ರಮ್ಲತ್ ಒಂದು ಹೆಜ್ಜೆ ಮುಂದೆ ಬಂದಳು. "ತಮಾಷೆಗೆ ಮಾಡಿದ್ದು. ಮಾಮಿಗೆ ಅವಮಾನ ಮಾಡ್ಬೇಕಂತ ಅಲ್ಲ. ಅಲ್ಲಾಹನ ಆಣೆ..."

"ಸಿಟ್ಟು ಬಂದದ್ದು ಹೌದು. ಎಲ್ಲರೂ ನಗ್ತಿದ್ರು, ನಾನು ಎದ್ದು ಹೊರಗೆ ಹೋದೆ. ಮಾರನೇ ದಿನ ನಿನಗೆ ಬೈಲಿಕ್ಕೇ ಅಂತ ಫೋನ್ ಮಾಡಿದ್ರೆ, ಎತ್ತಿದ್ದು ಉಮ್ಮ. 'ಎಂತದಾ, ಊಟ ಆಯ್ತಾ' ಅಂತ ಕೇಳಿದ್ರು ನೋಡು, ಸೇಮ್ ರಾಣಿ! ನಗು ತಡೀಲಿಕ್ಕೆ ಆಗದೆ ಫೋನ್ ಇಟ್ಟೆ."

ಅಮೀರಾ ನಕ್ಕಳು. ರಮ್ಲತ್ ನಗಲಿಲ್ಲ.

"ಉಮ್ಮ ಹೋದಾಗ ಒಂದು ಹಿಡಿ ಮಣ್ಣು ಹಾಕ್ಲಿಕ್ಕೂ ನನಗೆ ಬರ್ಲಿಕ್ಕೆ ಆಗ್ಲಿಲ್ಲ. ಆಮೇಲೆ ಪ್ರತಿ ಶುಕ್ರವಾರ ಅದೇ ಸೀಡಿ. ಫೋಟೋ ಅಂತ ಇದ್ದದ್ದು ರೇಷನ್ ಕಾರ್ಡಿಂದು ಒಂದು. ಸ್ವರ ಎಲ್ಲಿ ಉಂಟು? ಅದರಲ್ಲಿ ಮಾತ್ರ ಇತ್ತು. ಹಾಕಿ ಹಾಕಿ ಕೊನೆಗೆ ಓಡುದೇ ನಿಂತಿತು."

"ಇಷ್ಟು ವರ್ಷ ಹೆದರಿ ಸತ್ತಿದ್ದೇನೆ ನಾನು. ಒಂದು ಮಾತು ಹೇಳ್ಬಹುದಿತ್ತಲ್ಲ ನೀವು!" ಹೇಳುತ್ತಿದ್ದಂತೆ ರಮ್ಲತ್‌ಗೆ ಅಳು ಬಂದೇ ಬಿಟ್ಟಿತು.

"ನೀನೇ ಹೇಳ್ತಿ ಅಂತ ಕಾದೆ." ಹಸನಬ್ಬ ಫೋನಿನ ಕಡೆ ಬೆರಳು ತೋರಿಸಿದ. "ಆದ್ರೆ ಅದರಲ್ಲಿ ಒಂದು ಕೊರತೆ ಉಂಟು ನೋಡು. ಬೈಗುಳ ಎಲ್ಲ ಆ ಸೇನಾಪತಿಗೆ. ನನ್ನ ಹೆಸರು ಹಿಡಿದು ಒಂದು ಸಹ ಇಲ್ಲ. ಒಮ್ಮೆ ಬೈ."

"ಈಗಾ? ಮರೆತು ಹೋಗಿದೆ."

"ಒಮ್ಮೆ ಸಾಕು."

ಅಮೀರಾ ಫೋನನ್ನು ಮಗುಚಿ ಇಟ್ಟಳು. ರಮ್ಲತ್ ತಲೆಯ ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡು, ಒಂದು ಕೈ ಸೊಂಟಕ್ಕಿಟ್ಟು, ಗಲ್ಲ ಮೇಲೆತ್ತಿದಳು. ಸ್ವರ ಮೊದಲು ನಡುಗಿತು, ಮತ್ತೆ ಎಲ್ಲಿಂದಲೋ ಸೀದಾ ಬಂತು.

"ಹಸನೇ! ಅಸರ್ ನಮಾಜಿಗೆ ಬಾಂಕ್ ಕೊಟ್ಟು ಎಷ್ಟು ಹೊತ್ತಾಯ್ತು, ಇನ್ನೂ ಕುರ್ಚಿಗೆ ಅಂಟಿಕೊಂಡು ಕೂತಿದ್ದೀಯಾ?"

ಐವತ್ತೆಂಟು ವರ್ಷದ ಹಸನಬ್ಬ ಕುರ್ಚಿಯಿಂದ ಎದ್ದು ನಿಂತ.