ಬೆನ್ನಿಗೆ ಹೇಳುವ ಮಾತು

ಶಾಲೆಯಲ್ಲಿ ಆಟ ಕಲಿಸುವ ಟೀಚರಿಗೆ ಮಕ್ಕಳು ಇಟ್ಟ ಹೆಸರು ಸೀಟಿ ಮಿಸ್. ಸೀಟಿಯಿಲ್ಲದ ಅವಳ ಕೊರಳನ್ನು ಕಂಡವರೇ ಇಲ್ಲ. ಮಕ್ಕಳು ನಡೆದೋ ಸೈಕಲ್ ತುಳಿದೋ ಶಾಲೆಗೆ ಬರಬೇಕೆಂದು ಹಟ ಹಿಡಿದವಳೂ ಅವಳೇ. ಬೆಳಿಗ್ಗೆ ಗೇಟಿನ ಮುಂದೆ ಕಾರುಗಳು ಮೂತಿಗೆ ಮೂತಿ ತಾಗಿಸಿ ನಿಂತು ಹಾರನ್ ಬಡಿಯುವುದನ್ನು ನೋಡಿ ನೋಡಿ ಅವಳಿಗೆ ತಲೆ ಕೆಟ್ಟಿತ್ತು. ಪೋಷಕರ ಸಭೆಯಲ್ಲಿ ಎದ್ದು ನಿಂತು, "ಮಕ್ಕಳಿಗೆ ಕಾಲಿರೋದು ಕಾರಲ್ಲಿ ಮಡಚಿಟ್ಕೊಳ್ಳೋಕಲ್ಲ" ಎಂದು ದಬಾಯಿಸಿದಳು. ಎಲ್ಲರೂ ತಲೆಯಾಡಿಸಿದರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಪ್ಪ ಮಾತ್ರ ನಯವಾಗಿ ಕೇಳಿದ: "ಮಿಸ್, ನಿಮ್ಮ ಮಗಳು ಹೇಗೆ ಬರ್ತಾಳೆ?"

ಸಭೆ ಗೊಳ್ಳೆಂದಿತು. ಮಗಳು ದಿನವೂ ಬರುತ್ತಿದ್ದುದು ಅಮ್ಮನ ಸ್ಕೂಟರಿನ ಹಿಂದೆ ಕೂತು. ಆಡಿದ ಮಾತನ್ನು ನುಂಗುವಂತಿರಲಿಲ್ಲ. ಮರುವಾರವೇ ಮನೆಗೊಂದು ನೀಲಿ ಸೈಕಲ್ ಬಂತು.

ಸಭೆಯಲ್ಲಿ ಹೇಳಲಾಗದ ಸಂಗತಿಯೊಂದಿತ್ತು. ಏಳನೇ ಕ್ಲಾಸಿಗೆ ಬಂದ ಮೇಲೆ ಮಗಳು ಮನೆಯಲ್ಲಿ ಮೌನಗೌರಿಯಾಗಿದ್ದಳು. ಏನಾಯ್ತೇ ಅಂದರೆ "ಏನಿಲ್ಲ", ಯಾರೇನಂದರೇ ಅಂದರೆ "ಯಾರೂ ಇಲ್ಲ", ಆಮೇಲೆ ಕೋಣೆಯ ಬಾಗಿಲು ದಡಾರ್. ಸ್ಕೂಟರ್ ಹತ್ತಿದಳೆಂದರೆ ಮಾತ್ರ ಬಾಯಿಗೆ ಬೀಗವಿಲ್ಲ. ಅಮ್ಮನ ಮುಖ ಕಾಣದಿದ್ದರೆ ಅವಳಿಗೆ ಧೈರ್ಯ. ಗೆಳತಿ ಮಾತು ಬಿಟ್ಟದ್ದು, ಲೆಕ್ಕ ತಲೆಗೆ ಹತ್ತದಿದ್ದದ್ದು, ಮೈಯಲ್ಲಾಗುತ್ತಿದ್ದ ಬದಲಾವಣೆಗೆ ಹೆದರಿದ್ದು, ಎಲ್ಲವನ್ನೂ ಅಮ್ಮನ ಬೆನ್ನಿಗೇ ಹೇಳಿದ್ದು. ಅಮ್ಮ ತಿರುಗಿ ನೋಡುತ್ತಿರಲಿಲ್ಲ. ತಿರುಗಿದರೆ ಮಾತು ನಿಂತುಹೋಗುತ್ತಿತ್ತು. ಮುಂದಿನ ಲಾರಿಗೆ ಗುದ್ದುವ ಭಯವೂ ಇತ್ತೆನ್ನಿ.

ಸೈಕಲ್ ಬಂದ ಮೇಲೆ ಮಗಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎದುರುಮನೆ ಹುಡುಗಿಯರ ಜೊತೆ ಕಿಲಕಿಲ ಎನ್ನುತ್ತ ಹೊರಟರೆ ಹಿಂದೆ ತಿರುಗಿಯೂ ನೋಡುತ್ತಿರಲಿಲ್ಲ. ಗೇಟಿನ ಮುಂದೆ ವಾಹನ ತಡೆದು ಮಕ್ಕಳನ್ನು ದಾಟಿಸಲು ಬೇಗ ಹೋಗಬೇಕಿದ್ದ ಅಮ್ಮ ಸ್ಕೂಟರಿನಲ್ಲಿ ಒಬ್ಬಳೇ ಹೋಗುತ್ತಿದ್ದಳು. ಬೆನ್ನಿಗೆ ಬರೀ ಗಾಳಿ ತಾಗುತ್ತಿತ್ತು. "ನಿಮ್ಮಿಂದ ಗೇಟಿನ ಹತ್ರ ಉಸಿರಾಡೋ ಹಾಗಾಯ್ತು" ಎಂದು ಹೆಡ್ ಮಾಸ್ಟರು ಹೊಗಳಿದ ದಿನ ಅವಳು ಆಟದ ಸಾಮಾನಿನ ಕೋಣೆಗೆ ಹೋಗಿ, ಚೆಂಡುಗಳ ಮಧ್ಯೆ ಕೂತು ಅತ್ತಳು. ಅವಳಿಗೆ ಮಗಳು ಬೇಕಾಗಿದ್ದಳು. ಅಷ್ಟೇ.

ಒಂದು ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋದದ್ದೇ ತಡ, ಅಮ್ಮ ಹೊರಗೆ ಬಂದು ಸೈಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ವಾಲ್ವಿನ ಮುಚ್ಚಳ ತೆಗೆದು ಜೇಬಿಗಿಳಿಸಿ, ಪಿನ್ನು ಒತ್ತಿ ಹಿಡಿದು ಹಿಂದಿನ ಚಕ್ರದ ಗಾಳಿ ಬಿಟ್ಟಳು. ಅದು ಬುಸ್ಸೆಂದ ಸದ್ದಿಗೆ ಸ್ನಾನದ ಮನೆಯ ಕಡೆ ತಿರುಗಿ ನೋಡಿದಳು. ಊರ ಮಕ್ಕಳಿಗೆಲ್ಲ ಸೈಕಲ್ ತುಳೀರಿ ಎಂದು ಬುದ್ಧಿ ಹೇಳಿದವಳು ಮಾಡುವ ಕೆಲಸವೇ ಇದು! ನಾಚಿಕೆಯಾಯಿತು. ಕೈ ಮಾತ್ರ ತೆಗೆಯಲಿಲ್ಲ.

"ಅಯ್ಯೋ, ಗಾಳಿನೇ ಇಲ್ಲ!" ಎಂದಳು ಮಗಳು, ಚಕ್ರ ಒತ್ತಿ ನೋಡಿ.

"ಪಂಪ್ ಎಲ್ಲಿದೆಯೋ ಏನೋ, ಹುಡುಕ್ತಾ ಕೂತ್ರೆ ಹೊತ್ತಾಗುತ್ತೆ. ಹತ್ತು, ಬಾ."

ಮಗಳು ಒಂದು ಕ್ಷಣ ಅಮ್ಮನ ಮುಖವನ್ನೇ ನೋಡಿ, ಹಿಂದೆ ಹತ್ತಿ ಕೂತಳು.

ಮೊದಲ ತಿರುವಿನವರೆಗೂ ಅಮ್ಮ ಕಿವಿಯನ್ನು ಹಿಂದಕ್ಕೇ ಇಟ್ಟು ಗಾಡಿ ಓಡಿಸಿದಳು. ಆಮೇಲೆ ಎರಡು ಕೈಗಳು ಸೊಂಟ ಬಳಸಿದವು.

"ಅಮ್ಮಾ, ಓಟದ ತಂಡಕ್ಕೆ ನನ್ನನ್ನ ತಗೊಂಡ್ಯಲ್ಲ. ಮಿಸ್ ಮಗಳು ಅಂತ ತಗೊಂಡ್ರು ಅಂತಾರೆ ಎಲ್ರೂ. ಬಾತ್ರೂಮಲ್ಲಿ ಕೂತು ಅತ್ತೆ."

"ಆಮೇಲೆ?"

"ಆಮೇಲೆ ಮುಖ ತೊಳ್ಕೊಂಡು ಹೋಗಿ ಅವರನ್ನೆಲ್ಲ ಹಿಂದೆ ಹಾಕ್ದೆ."

ಮಾತಿಗೆ ಮಾತು ಸೇರಿ ಹೊಳೆಯಾಯಿತು. ಅಮ್ಮನ ಕಣ್ಣು ತುಂಬಿ ರಸ್ತೆ ಮಸುಕಾಯಿತು. ಹ್ಯಾಂಡಲ್ ಬಿಟ್ಟು ಒರೆಸಿಕೊಳ್ಳುವಂತಿರಲಿಲ್ಲ. ಶಾಲೆಯ ರಸ್ತೆಗೆ ತಿರುಗದೆ ಉದ್ಯಾನಕ್ಕೆ ಒಂದು ಸುತ್ತು ಹಾಕಿದಳು. ಯಾಕೆ ಈ ಕಡೆ ಎಂದು ಮಗಳು ಕೇಳಲಿಲ್ಲ.

ಗೇಟಿನ ಹತ್ತಿರ ಇಳಿದ ಮಗಳು ಕೈ ಚಾಚಿದಳು. "ಮುಚ್ಚಳ ಕೊಡು."

"ಯಾವ ಮುಚ್ಚಳನೇ?"

"ನಿನ್ನ ಜೇಬಲ್ಲಿರೋದು. ಸ್ನಾನದ ಮನೆಗೂ ಬುಸ್ ಅಂತ ಕೇಳಿಸ್ತಮ್ಮ."

ಸೀಟಿ ಮಿಸ್‌ಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು. ಮುಚ್ಚಳವನ್ನು ಮಗಳ ಅಂಗೈಯಲ್ಲಿಟ್ಟು ಮೆಲ್ಲಗೆ ಕೇಳಿದಳು: "ಗೊತ್ತಿದ್ದೂ ಯಾಕೆ ಹತ್ತಿದೆ?"

"ನಿನಗೆ ಬೇಕಾಗಿತ್ತಲ್ಲ" ಎಂದು ಮಗಳು ಗೆಳತಿಯರ ಕಡೆ ಓಡಿದಳು.

ಆ ಸಂಜೆ ಬಾಗಿಲ ಹಿಂದೆಯೇ ಇದ್ದ ಪಂಪನ್ನು ಅಮ್ಮ ಹೊರಗೆ ತಂದಳು. ಮಗಳು ಸೈಕಲ್ ಹಿಡಿದು ನಿಂತಳು. ಅಮ್ಮ ತಲೆ ಎತ್ತದೆ ಒತ್ತಿದಳು, ಒತ್ತುತ್ತಲೇ ಇದ್ದಳು, "ಸಾಕಮ್ಮಾ, ಟ್ಯೂಬ್ ಒಡೆದುಹೋಗುತ್ತೆ" ಎಂದು ಮಗಳು ಅವಳ ಕೈ ಹಿಡಿದುಕೊಳ್ಳುವವರೆಗೂ.