ತಲೆಗೆ ಒಂದೂವರೆ ಅಡಿ

ಅವನು ಮಂಡಿಯೂರಿ ನೆಲಕ್ಕೆ ಬಿಳಿ ಟೇಪು ಅಂಟಿಸುತ್ತಿದ್ದ. ಚಿಕ್ಕಮ್ಮ ಅವನ ಮುಂದೆ ಬಟ್ಟೆಯನ್ನು ಪಾದದಿಂದ ಎಳೆಯುತ್ತ ಧೂಳು ಒರೆಸುತ್ತಿದ್ದಳು. ಮ್ಯೂಸಿಯಂ ಬಾಗಿಲು ದಾಟಿ ಒಳಬಂದರೆ ಅವನು ವಿನ್ಯಾಸಕ, ಅವಳು ಕಸ ಗುಡಿಸುವವಳು. ಹಾಗಂತ ಮೊದಲು ಹೇಳಿದವನು ಅವನೇ. ಅವನನ್ನು ಸಾಕಿ ಓದಿಸಿದವಳು, ಇದಕ್ಕೂ ಹೂಂ ಅಂದಿದ್ದಳು.

ಪ್ರದರ್ಶನದ ಹೆಸರು 'ಜಗತ್ತನ್ನು ಬೆಸೆದ ಸಾಮ್ರಾಜ್ಯ'. ಸಕ್ಕರೆಗೊಂದು ಕೋಣೆ, ಚಹಾಕ್ಕೊಂದು, ಹತ್ತಿಗೆ ಕಿಟಕಿಯಿರುವ ದೊಡ್ಡದು. ಕಬ್ಬು ಕಡಿಯಲು ಹಡಗಿನ ತಳದಲ್ಲಿ ತುಂಬಿ ಒಯ್ದ ಜನಕ್ಕೆ ಮೆಟ್ಟಿಲ ಕೆಳಗಿನ ಜಾಗ ಉಳಿದಿತ್ತು. ಅವರು ಮಲಗಿದ ಅಳತೆಯನ್ನು ನೆಲದ ಮೇಲೆ ತೋರಿಸಬೇಕು: ತಲೆಗೆ ಒಂದೂವರೆ ಅಡಿ ಅಗಲ. ಇವತ್ತು ನಿರ್ದೇಶಕರು ಒಪ್ಪಿದರೆ ಅವನ ಕೆಲಸ ಕಾಯಂ.

ನಿರ್ದೇಶಕರು ಬಂದರು. ಜೊತೆಗೆ, ಖರ್ಚು ಕೊಡುವ ಕಂಪನಿಯ ಮೇಡಂ.

"ಏನ್ರೀ ಇದು, ಕುಂಟೆಬಿಲ್ಲೆ ಆಡಕ್ಕಾ?"

"ಇಷ್ಟರಲ್ಲಿ ಒಬ್ಬೊಬ್ರು ಮಲಗ್ತಿದ್ರು ಸಾರ್."

"ನೋಡೋರಿಗೆ ಹೇಗೆ ಗೊತ್ತಾಗುತ್ತೆ? ಯಾರನ್ನಾದ್ರೂ ಮಲಗಿಸಿ." ಅವರ ಕಣ್ಣು ಹುಡುಕಿತು. "ಏನಮ್ಮಾ, ಬಾ ಇಲ್ಲಿ."

ಚಿಕ್ಕಮ್ಮ ಅವನತ್ತ ನೋಡಲಿಲ್ಲ. ಸೆರಗು ಸಿಕ್ಕಿಸಿ, ಗೋಡೆ ಹಿಡಿದು, ಮಡಚದ ಮಂಡಿಗಳನ್ನು ಹೇಗೋ ಮಡಚಿ ಇಳಿದಳು. "ಕೊನೆಗೂ ಮಲಗೋ ಕೆಲಸ ಸಿಕ್ತು ನೋಡಿ ಸಾರ್" ಎಂದು ನಕ್ಕಳು. ನಗು ಅವಳೊಬ್ಬಳದೇ ಆಯಿತು.

ಭುಜಗಳು ಎರಡೂ ಕಡೆ ಟೇಪು ದಾಟಿದವು.

"ಇವಳು ದಪ್ಪ ಆದ್ಲು. ಅವರೆಲ್ಲ ಉಪವಾಸ ಬಿದ್ದವರಲ್ವಾ?" ಎಂದರು ಮೇಡಂ.

"ಮಗ್ಗುಲಾಗಿ ಮಲಗ್ತಿದ್ರು" ಎಂದ ಅವನು. ನಿಜವೇ, ದಾಖಲೆಯಿತ್ತು. "ಮಗ್ಗುಲಾಗಿ ಮಲಗಮ್ಮಾ."

ಅವಳು ಗೋಡೆಯ ಕಡೆ ಹೊರಳಿದಳು. ಈಗ ಟೇಪಿನೊಳಗೆ ಹಿಡಿಸಿದಳು.

"ನಿಮ್ಮ ಪರಿಚಯದವಳೇನ್ರೀ? ಹೇಳಿದ ಕೂಡಲೇ ಕೇಳ್ತಾಳೆ!"

ಅವನು ಟೇಪಿನ ಸುರುಳಿಯಲ್ಲಿ ತುದಿಗಾಗಿ ಉಗುರಾಡಿಸಿದ.

"ಇಲ್ಲ ಸಾರ್. ಏಜೆನ್ಸಿ ಕಳಿಸಿದ್ದು."

ಗೋಡೆಗೆ ಮುಖ ಮಾಡಿದ್ದವಳ ಬೆನ್ನು ಅಲುಗಲಿಲ್ಲ.

"ಚೆನ್ನಾಗಿದೆ. ಹೀಗೇ ಇರಲಿ. ನಾಳೆ ಬಂದು ಆರ್ಡರ್ ತಗೊಳ್ಳಿ" ಎಂದರು ನಿರ್ದೇಶಕರು. "ಬನ್ನಿ, ಕಾಫಿ ಕುಡಿಯೋಣ."

ಮೇಡಂ ಸೀರೆ ಎತ್ತಿಕೊಂಡು, ಟೇಪು ತುಳಿಯದ ಹಾಗೆ ಜೋಪಾನವಾಗಿ ಅವಳನ್ನು ದಾಟಿದರು. ನಿರ್ದೇಶಕರು ದಾಟಿದರು. ಅವನೂ ದಾಟಿದ.

"ಸಾರ್..." ಎಂದಿತು ಹಿಂದಿನಿಂದ ಅವಳ ದನಿ.

ಯಾರೂ ತಿರುಗಲಿಲ್ಲ. ಸಾರ್ ಅನ್ನಿಸಿಕೊಳ್ಳುವವರು ಇಬ್ಬರಿದ್ದರು. ಸಕ್ಕರೆಯ ಕೋಣೆಯ ಬಾಗಿಲನ್ನು ನಿರ್ದೇಶಕರು ಅವನಿಗಾಗಿಯೇ ತೆರೆದು ಹಿಡಿದಿದ್ದರು. ಅವನು ಒಳಗೆ ಒಂದು ಕಾಲಿಟ್ಟ.

"ಮಗಾ, ಒಂಚೂರು ಕೈ ಕೊಡೋ. ಏಳಕ್ಕಾಗ್ತಿಲ್ಲ."